ಕೊನೇ ಪುಟ

ಅಕ್ಕಾ,

ಆಸ್ಪತ್ರೆ ಲಾಂಡ್ರಿಯ ಕೆಲಸ ಮುಗಿಸಿ ಬರ್ತಾ ನಮ್ಮ ಸೂಪರ್‌ಹೀರೋನ ಹೊಸ ಕಾಮಿಕ್ಸ್ ತಂದೆ. ಅಂಗಡಿಯವರು, "ನಿಮ್ಮಕ್ಕ ಬರಲಿಲ್ವಾ?" ಅಂದ್ರು. ನೀನು ತೀರಿಕೊಂಡಿದ್ದು ಹೇಳೋಕೆ ಬಾಯಿ ಬರಲಿಲ್ಲ. ಊರಲ್ಲಿಲ್ಲ ಅಂದೆ.

ಚಪ್ಪಲಿ ಕೂಡ ಬಿಚ್ಚದೆ ಓದೋಕೆ ಕೂತೆ. ಚಿತ್ರ ಪರವಾಗಿಲ್ಲ, ಕಥೆ ಸಪ್ಪೆ. ಅವನಿಗೂ ನನ್ನ ಹಾಗೇ ಸುಸ್ತು ಅನ್ಸುತ್ತೆ, ಒಂದು ಬಸ್ ಎತ್ತೋಕೆ ಮೂರು ಪುಟ ತಗೊಂಡ. ನೀನಿದ್ದಿದ್ರೆ ಎಷ್ಟು ಆಡ್ಕೊಳ್ತಿದ್ದೆಯೋ.

ಮೊದಲೇ ಕೊನೇ ಪುಟ ನೋಡಿ ನನ್ನ ಮುಂದೆ ಒದರಿಬಿಡೋದು ನಿನ್ನ ಚಾಳಿ. ಅದಕ್ಕೇ ಹೋದ ವರ್ಷ ಪುಸ್ತಕ ಕಿತ್ಕೊಂಡು, "ಇನ್ಮೇಲೆ ನನಗೇನೂ ಹೇಳಬೇಡ" ಅಂದಿದ್ದೆ. ನೀನು ಹೇಳಲೇ ಇಲ್ಲ, ಕಾಯಿಲೆ ವಿಷಯಾನೂ.

ಇದರ ಕೊನೇ ಪುಟ ನಾನಿನ್ನೂ ತೆಗೆದಿಲ್ಲ. ಏನಾಗುತ್ತೆ, ನೀನೇ ಹೇಳು.