ನಾಮು ಅನ್ನುವವರು

ಗುಂಬಕಾನೆ
ಮೇ ಎಂಟು, ಸಂಜೆ

ಹಾಮೆತಣ್ಣಾ,

ಅವ್ವನನ್ನು ನಾನು ಒಂಟಿ ಮಾಡಿಲ್ಲ. ಮೊನ್ನೆ ಅವ್ವ ಒಬ್ಬಳೇ ಬಾವಿಕಟ್ಟೆಗೆ ಹೋಗುತ್ತಾಳೆ ಅಂದಾಗ ನೀನು ಫೋನ್ ಇಟ್ಟುಬಿಟ್ಟೆಯಲ್ಲ, ಅದರಲ್ಲೇ ನನ್ನನ್ನು ಎಲ್ಲ ಬೈದುಬಿಟ್ಟೆ. ಪೇಟೆಯಲ್ಲಿ ನಲ್ಲಿ ತಿರುಗಿಸಿ ನೀರು ಕುಡಿಯುವವನಿಗೆ ಬೈಯುವುದು ಸುಲಭ. ಇರಲಿ, ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆಗೆ ಜ್ವರ ಬಿಟ್ಟಿತೇ? ಅವ್ವ ಕೇಳು ಅಂದಳು, ಕೇಳಿದ್ದೇನೆ. ಅವಳ ಮಂಡಿ ಊದಿದೆ. ನನಗೆ ಸುಸ್ತು.

ನಾವು ಯಾರ ಗುಲಾಮರೂ ಅಲ್ಲ, ಇನ್ನು ನಿಮ್ಮ ಮದುವೆಗಳಲ್ಲಿ ಕುರಿ ಕೊಯ್ದು ಪಾತ್ರೆ ತೊಳೆಯುವುದಿಲ್ಲ ಅಂದಾಗಿನಿಂದ, ನಮ್ಮ ಹಿರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ದೊಡ್ಡ ಮನೆಯವರು ನಮಗೆ ಬಾವಿ ಹಗ್ಗ ಮುಟ್ಟಲು ಬಿಡುತ್ತಿಲ್ಲ. ಹೊಳೆಯಿಂದ ಕತ್ತೆಗಾಡಿಯಲ್ಲಿ ನೀರು ತರುವವನು ನಾನು. ಅವ್ವನಿಗೆ ಮಾತ್ರ ದಿನಾ ಸಂಜೆ ಅದೇ ಬಾವಿಕಟ್ಟೆ, ಅದೇ ಕಥೆ. ಈ ಬಾವಿ ತೋಡಿದವಳು ನಮ್ಮ ಮುತ್ತಜ್ಜಿ ಜಾಬಾ, ನೀರು ಚಿಮ್ಮಿದ ದಿನ ಅವಳಿಗೇ ಒಂದು ಬೊಗಸೆ ಕುಡಿಯಲು ಬಿಡಲಿಲ್ಲ ಅಂತ. ಹೇಳುವವರ ಒಂದೊಂದು ಮಾತಿಗೂ ಯಾರಾದರೂ ‘ನಾಮು’ ಎಂದು ಹೂಂಗುಟ್ಟಬೇಕು, ಇಲ್ಲದಿದ್ದರೆ ನಮ್ಮೂರಲ್ಲಿ ಅದು ಕಥೆಯಲ್ಲ, ಹುಚ್ಚರ ಬಡಬಡಿಕೆ. ನೀನು ಊರು ಬಿಟ್ಟ ಮೇಲೆ ಹೂಂಗುಟ್ಟಿದ್ದು ಯಾರು? ನಾನೇ. ದೊಡ್ಡ ಮನೆಯವಳು, ಊರ ಯಜಮಾನನ ಹಿರಿ ಹೆಂಡತಿ ಫೆಂಡಾ ಅವ್ವನನ್ನು ಕಂಡು ನಗುತ್ತಿದ್ದಳು. ‘ಬಂತು ನೋಡ್ರೇ ರೇಡಿಯೊ! ಇದರ ಬ್ಯಾಟರಿ ಮುಗಿಯೋದೇ ಇಲ್ಲ ಕಣ್ರೇ!’ ನನಗೆ, ‘ಏನೋ ಮಹಾಮೆ, ಅವ್ವನ ಸೆರಗು ಹಿಡ್ಕೊಂಡು ನಾಮು ನಾಮು ಅಂತಿದ್ರೆ ಹೆಣ್ಣು ಯಾರೋ ಕೊಡ್ತಾರೆ?’

‘ಗುಲಾಮನ ಮಗ’ ಅಂದವನ ಹಲ್ಲು ಮುರಿದು ಶಾಲೆ ಬಿಟ್ಟವನು ನಾನು. ಹಲ್ಲು ಮುರಿದರೆ ಕೆಲಸವಾಗುತ್ತದೆ, ಕಥೆಯಿಂದ ಏನಾಗುತ್ತದೆ? ಹೋದ ವಾರ ಬರುವುದಿಲ್ಲ ಅಂದೆ. ‘ಬರದಿದ್ರೆ ಬಿಡೋ, ನನ್ನ ಬಾಯಿ ನನ್ನ ಹತ್ರಾನೇ ಇದೆ’ ಅಂತ ಒಬ್ಬಳೇ ಹೋದಳು. ನಾನು ದೂರದಲ್ಲಿ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದೆ. ಒಂದು ಮಾತು ಹೇಳುತ್ತಾಳೆ, ನಾಮುವಿಗೆ ಅಂತ ಜಾಗ ಬಿಟ್ಟು ಕಾಯುತ್ತಾಳೆ. ಅನ್ನುವವರು ಯಾರೂ ಇಲ್ಲ. ಮತ್ತೊಂದು ಮಾತು ಹೇಳುತ್ತಾಳೆ. ಕಾಯುತ್ತಾಳೆ. ಆ ಕಾಯುವುದನ್ನು ನೋಡಲಾಗುವುದಿಲ್ಲ ಅಣ್ಣಾ.

ನಿನ್ನೆ ಹಾಗೆಯೇ ಕಾಯುತ್ತಿದ್ದಳು. ಹಗ್ಗ ಎಳೆಯುತ್ತಿದ್ದ ಫೆಂಡಾ ತಲೆ ಎತ್ತದೆ ‘ನಾಮು’ ಅಂದುಬಿಟ್ಟಳು. ಕೇಳಿ ಕೇಳಿ ತಾನಾಗಿ ಬಾಯಿಗೆ ಬಂತು ಅಂದುಕೊಂಡೆ. ಹೆಂಗಸರೆಲ್ಲ ಕೊಡ ಇಳಿಸಿ ಅವಳನ್ನೇ ನೋಡಿದರು. ಅವ್ವ ಮುಂದಿನ ಮಾತು ಹೇಳಿದಳು. ಫೆಂಡಾ ಈ ಸಲ ತಲೆ ಎತ್ತಿ, ಗಟ್ಟಿಯಾಗಿ, ‘ನಾಮು’ ಅಂದಳು. ರಾತ್ರಿ ಅವ್ವ ಒಲೆ ಮುಂದೆ ಕೂತು ಅತ್ತಳು. ಅದಕ್ಕೂ ನನಗೆ ಸಿಟ್ಟು ಬಂತು.

ಅತ್ತಿಗೆಗೆ ನಮಸ್ಕಾರ ಹೇಳು, ಮಗುವಿನ ಕೆನ್ನೆ ಹಿಂಡು. ದೇವರು ನಿನಗೆ ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ.

ನಿನ್ನ ತಮ್ಮ
ಮಹಾಮೆ

ಮತ್ತೆ: ಫೆಂಡಾಳನ್ನು ಯಜಮಾನ ಮನೆಯಲ್ಲಿ ಕೂಡಿಹಾಕಿದ್ದಾನಂತೆ. ಅವನ ಗಂಡುಮಕ್ಕಳು ದೊಣ್ಣೆ ಹಿಡಿದು ಬಾವಿಕಟ್ಟೆಯಲ್ಲಿ ನಿಂತಿದ್ದಾರೆ. ಅವ್ವ ಈಗ ತಲೆಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಹೊರಟಳು, ನನ್ನನ್ನು ಕರೆಯಲೂ ಇಲ್ಲ. ಇವತ್ತು ನಾಮು ಅನ್ನಲು ಅಲ್ಲಿ ಯಾರಿದ್ದಾರೆ? ನೀನು ಸಿಕ್ಕಿದ ಬಸ್ಸು ಹತ್ತಿ ಬಾ. ನಾಮು ಅನ್ನಲು ನಾನು ಹೊರಟೆ. ನಮ್ಮನೆ ಬಾಗಿಲು ದಡಾರನೆ ಹಾಕಿಕೊಂಡು ಹೋಗುತ್ತೇನೆ, ಒಳಗಿರುವ ಫೆಂಡಾಳಿಗೂ ಕೇಳಿಸಲಿ.