ಗೂಟಕ್ಕೆ ತೂಗುಹಾಕಿದ ಕೊಡೆ

೧೯ ನವೆಂಬರ್

ಮಗಳಿಗೆ,

ಮೂವತ್ತನಾಲ್ಕು ವರ್ಷ ಎರಡು ತಿಂಗಳು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಒಂದು ದಿನವೂ ತಡವಾಗಿ ಹಾಜರಿ ಹಾಕದೆ ನಿವೃತ್ತಳಾದ ನಿನ್ನ ತಾಯಿ ನಿನ್ನ ಪತ್ರಕ್ಕೆ ಮೂರು ವಾರ ತಡವಾಗಿ ಉತ್ತರಿಸುತ್ತಿದ್ದಾಳೆ. ಕ್ಷಮೆಯಿರಲಿ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಕೆಮ್ಮು ವಾಸಿಯಾಯಿತೆಂದು ಭಾವಿಸುತ್ತೇನೆ.

ನೀನು ಕೇಳಿರುವುದು ಒಂದೇ ಪ್ರಶ್ನೆ: ಅಪ್ಪನ ಚಿತ್ರಗಳನ್ನು ಪ್ರದರ್ಶನದಿಂದ ತೆಗೆಸಿದ್ದು ಯಾರು? ಉತ್ತರ: ನಾನು. ಹಂತಗಳನ್ನು ತೋರಿಸದ ಉತ್ತರಕ್ಕೆ ನಾನು ಎಂದೂ ಪೂರ್ತಿ ಅಂಕ ಕೊಟ್ಟವಳಲ್ಲ. ಆದ್ದರಿಂದ ಹಂತಗಳನ್ನೂ ಬರೆಯುತ್ತೇನೆ.

ಹೊಲಿಗೆಯ ಅಂಗಡಿ ಮುಚ್ಚಿದ ಮೇಲೆ ನಿನ್ನ ತಂದೆಯವರ ಕೈಗೆ ಕೆಲಸವಿರಲಿಲ್ಲ. ನೀನು ಬಣ್ಣದ ಪೆಟ್ಟಿಗೆ ಕಳುಹಿಸಿದೆ. ಎರಡು ವರ್ಷ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಬಿಡಿಸಿದರು, ನನಗೆ ತೋರಿಸಲಿಲ್ಲ. ಬಡಾವಣೆಯ ವಾಚನಾಲಯದವರು ನಿವಾಸಿಗಳ ಸ್ವಂತ ಚಿತ್ರಗಳ ಪ್ರದರ್ಶನ ಏರ್ಪಡಿಸಿದಾಗ, ಬಟ್ಟೆ ಸುತ್ತಿದ ಮೂರು ಚಿತ್ರಗಳನ್ನು ಮೇಜಿನ ಮೇಲಿಟ್ಟರು. "ನನ್ನ ಅಕ್ಷರ ಕಾಗೆ ಕಾಲು. ಅರ್ಜಿ ನೀನೇ ತುಂಬ್ಕೊಡು, ಟೀಚರಮ್ಮ. ಚಿತ್ರ ಮಾತ್ರ ಅಲ್ಲೇ ಬಂದು ನೋಡು" ಎಂದರು.

ಅರ್ಜಿಯಲ್ಲಿ ಅಳತೆ ಬರೆಯಬೇಕಿತ್ತು. ಬಿಚ್ಚಿದೆ.

ಮೂರರಲ್ಲೂ ಎಂಟು ವರ್ಷದ ನೀನಿದ್ದೆ. ಒಂದರಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಳಿತು, ಕಾಲು ಇಳಿಬಿಟ್ಟು ಉಣ್ಣುತ್ತಿದ್ದೆ. ಇನ್ನೊಂದರಲ್ಲಿ ಪರದೆಯ ಬಟ್ಟೆ ಸುತ್ತಿಕೊಂಡು ಗಿರಗಿರನೆ ತಿರುಗುತ್ತಿದ್ದೆ. ಕೊರಳಿಗೆ ಟೇಪು ಹಾಕಿಕೊಂಡ ಅವರು ಚಪ್ಪಾಳೆ ತಟ್ಟುತ್ತಿದ್ದರು. ಮೂರನೆಯದರಲ್ಲಿ ಹಾಡುಹಗಲೇ ನೀವಿಬ್ಬರೂ ನೆಲದ ಮೇಲೆ ಬಾಯಿ ತೆರೆದು ಮಲಗಿದ್ದಿರಿ. ಪಕ್ಕದಲ್ಲಿ ಬಿಚ್ಚದ ಪಾಠದ ಪುಸ್ತಕ. ಮನೆಬಾಗಿಲ ಬಳಿಯ ಗೂಟ ಖಾಲಿ.

ಮೊದಲೆರಡರ ದೋಷಗಳನ್ನು ಬಿಟ್ಟುಬಿಟ್ಟೆ. ಮೂರನೆಯದರಲ್ಲಿ ವಾಸ್ತವಾಂಶವೇ ತಪ್ಪಾಗಿತ್ತು. ಆ ಗೂಟಕ್ಕೆ ಇಪ್ಪತ್ತಾರು ವರ್ಷ ನನ್ನ ಕೊಡೆ ತೂಗುತ್ತಿತ್ತು. ಕಪ್ಪು ಬಣ್ಣ ಕಲಸಿ ಕೊಡೆಯನ್ನು ಬಿಡಿಸಿದೆ. ಹಿಡಿ ತುಸು ದಪ್ಪವಾಯಿತು. ನೀನು ಕಳುಹಿಸಿದ ಬಣ್ಣ ಅಗ್ಗದ್ದು, ಬೇಗ ಒಣಗುತ್ತದೆ. ಈ ಕೆಲಸಕ್ಕೆ ಅದೇ ಅನುಕೂಲವಾಯಿತು.

ಅರ್ಜಿಯ ಏಳನೆಯ ಕಾಲಂ: "ಅನ್ಯರ ಕೈ ಸೇರಿದ್ದಲ್ಲಿ ನಮೂದಿಸಿ." ನಾನು ಬರೆದೆ: "ಮೂರನೆಯ ಚಿತ್ರದ ಕೊಡೆ, ಪತ್ನಿಯದು."

ವಾಚನಾಲಯದ ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಅರ್ಜಿ ನೋಡಿ ಬೆವರಿದ.

"ಟೀಚರ್, ಮೂರೂ ಸೇರಿ ಒಂದೇ ಪ್ರವೇಶ. ಹೀಗೆ ಬರೆದ್ರೆ ಮೂರೂ ಹೋಗ್ತವೆ. ಈ ಕಾಲಂ ಖಾಲಿ ಬಿಟ್ಬಿಡಿ, ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ಯಜಮಾನ್ರು ದಿನಾ ಬಂದು ಗೋಡೆ ಅಳತೆ ಮಾಡ್ಕೊಂಡು ಹೋಗ್ತಾರೆ ಟೀಚರ್. ಪಾಪ ಅನ್ಸುತ್ತೆ."

"ಪಾಪ ಅನ್ನಿಸಿದ್ದಕ್ಕೆಲ್ಲ ಅಂಕ ಕೊಟ್ಟಿದ್ರೆ ನೀನು ಒಂದೇ ಸಲಕ್ಕೆ ಪಾಸಾಗ್ತಿದ್ದೆ" ಎಂದೆ. ಅವನು ತಿರಸ್ಕಾರದ ಮೊಹರು ಒತ್ತಿದ.

ಪ್ರದರ್ಶನದ ದಿನ ನಿನ್ನ ತಂದೆಯವರು ತಾವೇ ಹೊಲಿದುಕೊಂಡ ಕೋಟು ತೊಟ್ಟಿದ್ದರು. ಹಳೆಯ ಗಿರಾಕಿಗಳು ಎಂಟು ಜನ ಅವರ ಕರೆಯ ಮೇಲೆ ಬಂದಿದ್ದರು. "ಎಲ್ಲಿ ಮಾಸ್ಟ್ರೇ ನಿಮ್ದು? ಇನ್ನೂ ಕಾಜ ಹಾಕೋದು ಬಾಕಿ ಇದೆಯಾ?" ಎಂದು ಒಬ್ಬರು ನಗೆಯಾಡಿದರು. ಇವರೂ ನಕ್ಕು, ಗೋಡೆಗಳನ್ನು ಎರಡು ಸುತ್ತು ಹುಡುಕಿದರು. ಚಿತ್ರಗಳು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿದ್ದವು. ಕಾರ್ಯದರ್ಶಿ ಅರ್ಜಿ ತೋರಿಸಿದ. ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

ಮನೆಗೆ ಬಂದು ಕೋಟು ಬಿಚ್ಚುತ್ತಾ ಹೇಳಿದ್ದು ಇಷ್ಟೇ: "ಕೊಡೆ ಚೆನ್ನಾಗಿ ಬಂದಿದೆ, ಟೀಚರಮ್ಮ." ಮರುದಿನ ಬಣ್ಣದ ಪೆಟ್ಟಿಗೆಯನ್ನು ಹಳೇ ಪೇಪರಿನವನಿಗೆ ಕೊಟ್ಟರು. ಈಗ ನಾನು ಬಡಿಸಿದ್ದನ್ನು ಉಣ್ಣುತ್ತಾರೆ, ಕೇಳಿದ್ದಕ್ಕೆ ಉತ್ತರಿಸುತ್ತಾರೆ. ತಪ್ಪು ಹುಡುಕಲು ಏನೂ ಇಲ್ಲ.

ನಿನಗೆ ಆಯುಸ್ಸು, ಆರೋಗ್ಯ ಮತ್ತು ಕೇಳಿದ್ದಕ್ಕೆ ನಿಜ ಹೇಳುವ ಧೈರ್ಯ ಲಭಿಸಲಿ.

ಇತಿ,
ನಿನ್ನ ತಾಯಿ
(ನಿವೃತ್ತ ಸಹಶಿಕ್ಷಕಿ)

ವಿ.ಸೂ.: ಮೇಲೆ ಒಂದು ಹಂತ ಬಿಟ್ಟಿದ್ದೇನೆ. ಚಿತ್ರಗಳ ಹಿಂಬದಿಯಲ್ಲಿ ಕಾಗೆ ಕಾಲಿನ ಅಕ್ಷರದಲ್ಲಿ ಶೀರ್ಷಿಕೆಯಿತ್ತು, ಮೂರಕ್ಕೂ ಒಂದೇ: "ಹನ್ನೆರಡು ದಿನ." ಪ್ರತಿವರ್ಷ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಬೇರೆ ಊರಿನಲ್ಲಿರುತ್ತಿದ್ದುದು ಹನ್ನೆರಡು ದಿನ. ಕೊಡೆ ನನ್ನ ಜೊತೆಗೇ ಬರುತ್ತಿತ್ತು. ಚಿತ್ರದಲ್ಲಿ ತಪ್ಪಿರಲಿಲ್ಲ. ನಾನು ಮೊದಲು ಶೀರ್ಷಿಕೆ ಓದಿದೆ. ಆಮೇಲೆ ಬಣ್ಣ ಕಲಸಿದೆ.

ಆ ಊರಿಗೆ ವರ್ಷಕ್ಕೊಂದು ನಿನ್ನ ಕಾರ್ಡು ಬರುತ್ತಿತ್ತು: "ಅಮ್ಮಾ, ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ." ಜೊತೆಯ ಶಿಕ್ಷಕಿಯರಿಗೆಲ್ಲ ಓದಿ ಹೇಳುತ್ತಿದ್ದೆ. ಒಂಬತ್ತು ವರ್ಷ, ಒಂಬತ್ತು ಕಾರ್ಡು, ಅದೇ ವಾಕ್ಯ. ಯಾರೋ ಹೇಳಿ ಬರೆಸಿದ ಉತ್ತರವನ್ನು ಮೂವತ್ತನಾಲ್ಕು ವರ್ಷ ಕಣ್ಣು ಮುಚ್ಚಿ ಹಿಡಿದವಳಿಗೆ ಇದು ಕಾಣಲಿಲ್ಲ. ಇವುಗಳಲ್ಲಿ ಯಾವುದಾದರೂ ನೀನಾಗಿಯೇ ಬರೆದದ್ದಿದ್ದರೆ ಗುರುತು ಹಾಕಿ ಹಿಂದಿರುಗಿಸು. ಒಂದೂ ಇಲ್ಲದಿದ್ದರೆ ಹಾಗೆಯೇ ಕಳುಹಿಸು.

ಲಗತ್ತುಗಳು:
೧. ಪ್ರವೇಶ ಅರ್ಜಿಯ ನಕಲು
೨. ತಿರಸ್ಕಾರದ ಪತ್ರ
೩. ನಿನ್ನ ಕಾರ್ಡುಗಳು, ಒಂಬತ್ತು
೪. ಕೆಂಪು ಪೆನ್ಸಿಲ್, ಒಂದು, ಹೆರೆದದ್ದು