ಸದ್ದಿಲ್ಲದ ಎಂಜಿನ್ನು

ಅಪ್ಪಾ,

ಇವತ್ತು ಬೆಳಿಗ್ಗೆ, ಓಡುತ್ತಿದ್ದ ನಿನ್ನ ಹೊಸ ಎಂಜಿನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟು, "ನೋಡ್ದ್ಯಾ ಪುಟ್ಟಿ, ಒಂದು ಹನಿ ಚೆಲ್ಲಲಿಲ್ಲ! ಪೆಟ್ರೋಲೂ ಅರ್ಧ ಸಾಕು" ಎಂದೆ ನೀನು. ಕಾರ್ಖಾನೆಯ ಮ್ಯಾನೇಜರೂ ಚಪ್ಪಾಳೆ ತಟ್ಟಿದರು.

ನೀನು ಕೈ ತೊಳೆಯಲು ಹೋದಾಗ ಅವರು ನನ್ನೆದುರೇ ನಕ್ಕರು. "ಪಾಪ, ಮುದುಕಪ್ಪ! ಇನ್ಮೇಲೆ ನಾವು ಮಾಡೋದು ಬರೀ ಕರೆಂಟ್ ಕಾರು. ಅದಕ್ಕೆ ಸದ್ದೇ ಇಲ್ಲ ಅಂತ ಗಿರಾಕಿಗಳು ಗೊಣಗ್ತಾರೆ. ಇವನ ಹಳೇ ಎಂಜಿನ್ನಿನ ಗುಡುಗು ರೆಕಾರ್ಡ್ ಮಾಡಿ ಕಾರಿಗೆ ಹಾಕ್ತೀವಿ. ಹೊಸದು ಗುಜರಿಗೆ."

ಆ ಗುಡುಗನ್ನು ಅಡಗಿಸುವಷ್ಟರಲ್ಲಿ ನಿನ್ನ ಒಂದು ಕಿವಿಯೇ ಹೋಯಿತು.

ನಾಳೆ ಹಳೆಯದನ್ನು ಚಾಲೂ ಮಾಡಿಕೊಡಲು ನಿನ್ನನ್ನೇ ಕರೆಯುತ್ತಾರೆ. ಜ್ವರವೆಂದು ಹೇಳಿ ಮನೆಯಲ್ಲೇ ಇರು. ನಾನು ಹೋಗುತ್ತೇನೆ. ಆ ಸದ್ದಿನ ಜಾಹೀರಾತು ಬರೆಯಲು ನನಗೇ ಹೇಳಿದ್ದಾರೆ, ಒಪ್ಪಿಕೊಂಡಿದ್ದೇನೆ.

ನಿನ್ನ ಮಗಳು